ಬೀಗ ಹಾಕಿರೋ ಆಸ್ಪತ್ರೆ ಕಟ್ಟಡಗಳನ್ನ ಏನ್ ಮಾಡೋದು?

ಹೊಸ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು ಅಂದ ತಕ್ಷಣ ಎಲ್ರೂ ಹೊಸ ಜಾಗ, ಹೊಸ ಪ್ಲಾನ್, ಉದ್ಘಾಟನೆ ಫೋಟೋ ಅಂತ ಹೊರಡ್ತಾರೆ, ಆ ಕಡೆ ಆರೋಗ್ಯ ಇಲಾಖೆದೇ ಹಳೇ ಕಟ್ಟಡ ಬೀಗ ಹಾಕಿಸ್ಕೊಂಡು ಪಾಳು ಬೀಳ್ತಿರತ್ತೆ.

ಕ್ಷಯರೋಗದ ಸ್ಯಾನಟೋರಿಯಂಗಳನ್ನೇ ತಗೊಳ್ಳಿ, ಅಂದ್ರೆ ರೋಗಿಗಳನ್ನ ತಿಂಗಳುಗಟ್ಟಲೆ ಇಟ್ಕೊಂಡು ನೋಡ್ಕೊಳ್ತಿದ್ದ ಆಸ್ಪತ್ರೆಗಳು. 1943ರಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಅನ್ನೋ ಔಷಧಿ ಸಿಕ್ತು, ಅದರ ಹಿಂದೇನೇ ಬೇರೆ ಔಷಧಿಗಳೂ ಬಂದ್ವು, ತಿಂಗಳುಗಟ್ಟಲೆ ಮಲಗಿರೋ ಅಗತ್ಯ ತಪ್ಪಿ ಕಟ್ಟಡಗಳು ಖಾಲಿಯಾದ್ವು. ಆದ್ರೆ ಗಾಳಿ ಬೆಳಕೇ ಮದ್ದು ಅಂತ ನಂಬಿ ಕಟ್ಟಿದ್ದಲ್ವಾ, ದೊಡ್ಡ ಕಿಟಕಿ, ಉದ್ದ ವರಾಂಡ ಎಲ್ಲಾ ಇರತ್ತೆ, ಕೆಮ್ಮೋರು ಕೂತು ಕಾಯೋಕೆ ಕಿಟಕಿನೇ ತೆಗೆಯಕ್ಕಾಗದ ಎಸಿ ಹಾಲ್‌ಗಿಂತ ಇದೇ ವಾಸಿ. ಫಿನ್ಲೆಂಡಿನಲ್ಲಿ ಆಲ್ವಾರ್ ಆಲ್ಟೋ ಡಿಸೈನ್ ಮಾಡಿದ, 1933ರ ಪೈಮಿಯೋ ಸ್ಯಾನಟೋರಿಯಂ ಆಮೇಲೆ ಜನರಲ್ ಆಸ್ಪತ್ರೆನೇ ಆಯ್ತು.

ಹಂಗಂತ ಸುಣ್ಣ ಬಣ್ಣ ಬಳಿದು ಬೋರ್ಡ್ ಹಾಕಿದ್ರೆ ಆಗಲ್ಲ. ಬಾಗಿಲಲ್ಲಿ ಸ್ಟ್ರೆಚರ್ ತಿರುಗತ್ತಾ, ಮೆಟ್ಟಿಲ ಪಕ್ಕ ರ‍್ಯಾಂಪ್‌ಗೆ ಜಾಗ ಇದ್ಯಾ, ಚಾವಣಿ ಶೀಟಲ್ಲಿ ಶ್ವಾಸಕೋಶ ಹಾಳು ಮಾಡೋ ಆಸ್ಬೆಸ್ಟಾಸ್ ಇದ್ಯಾ ನೋಡ್ಬೇಕು. ಲಸಿಕೆ ಫ್ರಿಜ್ 2ರಿಂದ 8 ಡಿಗ್ರಿ ಒಳಗೇ ಇರ್ಬೇಕು, ಹಳೇ ವೈರಿಂಗ್ ನಂಬ್ಕೊಂಡು ಅದನ್ನ ಇಡೋದು ಅಂದ್ರೆ ದೇವರೇ ಗತಿ.

ಇನ್ನೊಂದು ತಕರಾರು ಜಾಗದ್ದು. ಪ್ರಾಥಮಿಕ ಆರೋಗ್ಯದ ಬಗ್ಗೆ ಹಲವು ದೇಶಗಳು ಸೇರಿ ಮಾಡಿದ 1978ರ ಆಲ್ಮಾ ಅಟಾ ಘೋಷಣೆ ಹೇಳಿದ್ದೇ ಜನ ಇರೋ, ದುಡಿಯೋ ಕಡೆಗೆ ಆದಷ್ಟು ಹತ್ರ ಚಿಕಿತ್ಸೆ ಸಿಗ್ಬೇಕು ಅಂತ, ಆದ್ರೆ ಸ್ಯಾನಟೋರಿಯಂಗಳನ್ನ ಬೇಕಂತ್ಲೇ ಊರಾಚೆ ಕಟ್ಟೋರು! ಹಂಗಾಗಿ ಬಸ್ ಹೋಗದ ಕಡೆ ಇರೋದನ್ನ ಬಿಟ್ಟು, ಪೇಟೆ ನಡುವೆ ಮುಚ್ಚಿರೋ ಡಿಸ್ಪೆನ್ಸರಿ, ಹಳೇ ಹೆರಿಗೆ ವಾರ್ಡ್ ಇವುಗಳ ಬೀಗನೇ ಮೊದಲು ತೆಗೆಸಿ, ನರ್ಸ್ ಮತ್ತೆ ಡಾಕ್ಟರ್ ಪೋಸ್ಟ್ ಮಂಜೂರಾದ್ಮೇಲೇ ಇಲಾಖೆ ರಿಪೇರಿಗೆ ಟೆಂಡರ್ ಕರೀಲಿ.