ರಾಯಚೂರು ಮಾಳಿಗೆಯ ಅಡೇನಿಯಂ: ಮಾರ್ಚಿನಿಂದ ಡಿಸೆಂಬರ್‌ವರೆಗೆ

ಮಾರ್ಚ್

ಚಳಿ ಹೋಯಿತು, ಅಡೇನಿಯಂನ (ಬುಡ ಗಡ್ಡೆಯಂತೆ ಉಬ್ಬುವ ಹೂಗಿಡ) ಬೋಳು ಕೊಂಬೆಗಳಲ್ಲಿ ಚಿಗುರು ಬಂತು. ಕುಂಡ ಬದಲಿಸಲು ಇದೇ ಸರಿಯಾದ ಹೊತ್ತು. ಗಿಡ ಕಿತ್ತು, ಕೊಳೆತ ಬೇರು, ಎಳೆಬೇರು ಕತ್ತರಿಸಿ, ಗಾಯ ಒಣಗಲಿ ಎಂದು ಕೆಲವು ದಿನ ನೆರಳಲ್ಲಿ ಸುಮ್ನೆ ಬಿಟ್ಟೆ. ಮತ್ತೆ ನೆಡುವಾಗ ಗಡ್ಡೆಯನ್ನು ಮೊದಲಿಗಿಂತ ಒಂದು ಬೆರಳು ಮೇಲಕ್ಕೆ ಕೂರಿಸಬೇಕು. ವರ್ಷ ವರ್ಷ ಹೀಗೆ ಎತ್ತುತ್ತಾ ಬಂದರೆ ಆ ದಪ್ಪ, ತಿರುಚಿದ ಬುಡ ಕಣ್ಣಿಗೆ ಕಾಣುತ್ತದೆ.

ಮಣ್ಣು: ನಮ್ಮ ಹೊಲದ ಎರೆಮಣ್ಣು ಬೇಡವೇ ಬೇಡ. ಹತ್ತಿಗೆ ಅದು ಬಂಗಾರ, ಕುಂಡದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ. ದಪ್ಪ ಮರಳು, ಇಟ್ಟಿಗೆ ಚೂರು ಅರ್ಧಕ್ಕಿಂತ ಜಾಸ್ತಿ. ಉಳಿದದ್ದು ಕೆಂಪು ಮಣ್ಣು, ಒಂದು ಹಿಡಿ ಹಳೆ ತಿಪ್ಪೆಗೊಬ್ಬರ.

ಕತ್ತರಿಸಿದ ಕಡೆ ಬರುವ ರಸ ವಿಷ. ಆಫ್ರಿಕಾದಲ್ಲಿ ಇದನ್ನು ಬಾಣದ ತುದಿಗೆ ಹಚ್ಚುತ್ತಿದ್ದರು. ಪಕ್ಕದ ಮನೆಯ ಅಕ್ಕ ಬಂದು, "ಏನ್ರೀ, ಈ ಗಡ್ಡಿ ಬೇಯಿಸಿ ತಿನ್ನಾಕ ಬರ್ತದೇನ್ರೀ?" ಅಂದರು. ಕೈಗವಸು ತೋರಿಸಿದೆ.

ಮೇ

ಬಿಸಿಲು 42 ಡಿಗ್ರಿ ದಾಟಿದೆ. ಮಾಳಿಗೆಯ ಪರಸಿ ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಗುಲಾಬಿ ಒಣಗಿ ಕೂತಿದೆ, ಅಡೇನಿಯಂ ಮೈತುಂಬ ಹೂ. ಅರೇಬಿಯಾ, ಆಫ್ರಿಕಾದ ಒಣ ನೆಲದ ಗಿಡ ಅಲ್ವಾ, ನಮ್ಮ ಬೇಸಿಗೆ ಅದಕ್ಕೆ ತವರಿನ ಹವೆ. ತೊಂದರೆ ಇರುವುದು ಕುಂಡ ಕಾಯುವುದರಿಂದ. ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಬೇರು ಬೇಯುತ್ತದೆ. ಎಲ್ಲವನ್ನೂ ಮಣ್ಣಿನ ಕುಂಡಕ್ಕೆ ಹಾಕಿ, ಕೆಳಗೆ ಇಟ್ಟಿಗೆ ಕೊಟ್ಟಿದ್ದೇನೆ, ಗಾಳಿ ಆಡಲಿ ಎಂದು. ನರ್ಸರಿಯ ನೆರಳುಬಲೆಯಿಂದ ಬಂದ ಹೊಸ ಗಿಡಕ್ಕೆ ಮೊದಲು ಬೆಳಗಿನ ಬಿಸಿಲು ಮಾತ್ರ. ಇಲ್ಲದಿದ್ದರೆ ಗಡ್ಡೆಯ ಸಿಪ್ಪೆ ಸುಟ್ಟು, ಕಂದು ಕಲೆ ಬಿದ್ದು, ಅಲ್ಲಿಂದಲೇ ಕೊಳೆ ಶುರುವಾಗುತ್ತದೆ.

ನೀರು ಸಂಜೆ. ಎಷ್ಟು ದಿನಕ್ಕೊಮ್ಮೆ ಎಂದು ಎಲ್ಲರೂ ಕೇಳುತ್ತಾರೆ. ಹೆಬ್ಬೆರಳಿನಿಂದ ಗಡ್ಡೆ ಒತ್ತಿ ನೋಡಿ. ಕಲ್ಲಿನಂತಿದ್ದರೆ ಹೊಟ್ಟೆ ತುಂಬಿದೆ. ಸ್ವಲ್ಪ ತಗ್ಗಿದರೆ, ಮಣ್ಣೂ ಒಣಗಿದ್ದರೆ, ಬಾಯಾರಿದೆ. ಮಣ್ಣು ಹಸಿ ಇದ್ದೂ ಮೆತ್ತಗಿದ್ದರೆ ಒಳಗೆ ಕೊಳೆತಿದೆ. ಆಗ ಕಿತ್ತು, ಆರೋಗ್ಯದ ಬಿಳಿ ತಿರುಳು ಸಿಗುವವರೆಗೆ ಕೊಯ್ಯಬೇಕು.

ಒಂದು ಗಿಡದಲ್ಲಿ ಕಾಯಿ ಕಚ್ಚಿದೆ. ಎರಡು ಕೊಂಬು ಬೆನ್ನಿಗೆ ಬೆನ್ನು ಅಂಟಿಸಿದ ಹಾಗೆ. ಒಡೆದರೆ ಬೀಜ ಗಾಳಿಗೆ ಹಾರುತ್ತದೆ, ಅದಕ್ಕೇ ದಾರ ಸುತ್ತಿದ್ದೇನೆ. ಬೀಜ ಸಣ್ಣ ಕಡ್ಡಿಯಂತಿದ್ದು, ಎರಡೂ ತುದಿಗೆ ರೇಷ್ಮೆ ಕೂದಲಿನ ಕುಚ್ಚು.

ಜೂನ್

ಕಾಯಿ ಒಡೆದ ವಾರದಲ್ಲೇ ಬಿತ್ತಿದೆ. ಹಳೆಯ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಬೇಗನೇ ಮೊಳಕೆ ಬಂತು. ಬೀಜದ ಗಿಡವನ್ನೇ ನಾನು ಇಷ್ಟಪಡುವುದು. ಕೊಂಬೆ ನೆಟ್ಟರೂ ಬೇರು ಬಿಡುತ್ತದೆ, ಆದರೆ ಆ ತುಂಬಿದ ಗಡ್ಡೆ ಬರುವುದು ಕಷ್ಟ. ಅಂಗಡಿಯ ಜೋಡಿ ಎಸಳಿನ ಹೂಗಳೆಲ್ಲ ಹೆಚ್ಚಾಗಿ ಕಸಿ. ಹೂ ಚೆಂದ, ಕಸಿಯ ಗಂಟು ಮಾತ್ರ ನನಗೆ ಹಿಡಿಸದು.

ಸೆಪ್ಟೆಂಬರ್

ನನಗೆ ಭಯ ಇರುವುದು ಮೇ ತಿಂಗಳದ್ದಲ್ಲ, ಈ ತಿಂಗಳದ್ದು. ಮೋಡ, ಸತತ ಮಳೆ, ಒಣಗದ ಮಣ್ಣು. ಕುಂಡಗಳೆಲ್ಲ ತಗಡಿನ ಚಪ್ಪರದ ಕೆಳಗೆ.

ಒಂದು ಬೆಳಗ್ಗೆ ಒಂದು ಗಿಡದಲ್ಲಿ ಎಲೆಯೇ ಇಲ್ಲ. ಹುಡುಕಿದರೆ ಬೆರಳುದ್ದದ ಹಸಿರು ಹುಳು. ಮುಟ್ಟಿದರೆ ತಲೆ ಬಗ್ಗಿಸಿ, ಬೆನ್ನ ಮೇಲಿನ ಎರಡು ನೀಲಿ ಕಣ್ಣು ಬಿಡುತ್ತದೆ. ನಿಜವಾದ ಕಣ್ಣಲ್ಲ, ಹೆದರಿಸುವ ವೇಷ. ಮುಂದೆ ಇದೇ ಹಸಿರು ಮಿಶ್ರಿತ ದೊಡ್ಡ ಪತಂಗವಾಗುತ್ತದೆ. ಕಣಗಿಲೆಯೂ ಅಡೇನಿಯಂ ಕುಟುಂಬದ್ದೇ, ಹುಳುವಿಗೆ ಎರಡೂ ಒಂದೇ. ಹೊಡೆದು ಹಾಕಲು ಮನಸ್ಸಾಗಲಿಲ್ಲ. ತೆಗೆದು ಕಾಂಪೌಂಡಿನ ಕಣಗಿಲೆ ಗಿಡಕ್ಕೆ ಬಿಟ್ಟೆ.

ಹಿಟ್ಟು ತಿಗಣೆ ಕಂಡಲ್ಲಿ ಬೇವಿನೆಣ್ಣೆ.

ಡಿಸೆಂಬರ್

ಎಲೆ ಉದುರಿದೆ, ನೀರು ಬಹಳ ಕಡಿಮೆ. ಮನೆಗೆ ಬಂದವರು ಸತ್ತುಹೋಗಿದೆ ಅನ್ನುತ್ತಾರೆ. ಸತ್ತಿಲ್ಲ, ಮಲಗಿದೆ.

ಕೆಲವರು ಬೆಂಗಳೂರಿನಿಂದ ತಂದ ಎಚೆವೇರಿಯಾ (ದಪ್ಪ ಎಲೆಯ ಅಲಂಕಾರದ ಗಿಡ) ಬಗ್ಗೆ ಕೇಳಿದ್ದರು. ನಮ್ಮ ಊರಿಗೆ ತರಬೇಡಿ. ಅದು ಹೆಚ್ಚಾಗಿ ಮೆಕ್ಸಿಕೋದ ಎತ್ತರದ ಜಾಗದ ಗಿಡ. ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ, ಅದಕ್ಕೆ ತಂಪು ರಾತ್ರಿ ಬೇಕು. ಮೇ ತಿಂಗಳಲ್ಲಿ ನಮ್ಮಲ್ಲಿ ನಡುರಾತ್ರಿಯೂ ಸೆಕೆ. ಲೋಳೆಸರ, ಕತ್ತಾಳೆ ಇಟ್ಟರೆ ತಲೆನೋವಿಲ್ಲ. ಕತ್ತಾಳೆ ಹತ್ತಾರು ವರ್ಷ ಬದುಕಿ, ಒಂದೇ ಸಲ ಹೂಬಿಟ್ಟು ಸಾಯುತ್ತದೆ, ಸುತ್ತ ಮರಿ ಬಿಟ್ಟು.

ಮುಂದಿನ ಕೆಲಸ ಸಸಿಗಳದ್ದು. ಒಂದೇ ಕಾಯಿಯ ಮಕ್ಕಳು, ಒಂದರ ಗಡ್ಡೆ ಗುಂಡಗೆ, ಇನ್ನೊಂದರದು ಕವಲೊಡೆದಿದೆ. ಕವಲೊಡೆದದ್ದನ್ನು ಅಗಲವಾದ, ತಗ್ಗಿನ ತಟ್ಟೆಗೆ ಹಾಕುತ್ತೇನೆ. ಚಿಗುರು ಕಂಡ ಮೇಲೆ.