ಅಷ್ಟಮಿ ಚಂದ್ರ, ಅಲುಗಿದ ಬೆಂಡು

12 ನವೆಂಬರ್ 2025, ಬುಧವಾರ, ರಾತ್ರಿ

ಬೆಳಿಗ್ಗೆ ಕೆರೆ ದಡಕ್ಕೆ ಹೋದಾಗ ಇನ್ನೂ ಕತ್ತಲಿತ್ತು. ಇವತ್ತು ಬಹುಳ ಅಷ್ಟಮಿ. ಅರ್ಧ ಚಂದ್ರ ನೆತ್ತಿಯ ಹತ್ತಿರ ಬಂದಿದ್ದ. ಅವನ ಬಿಂಬ ನೋಡೋಕೆ ಕಾಲ ಬುಡದ ನೀರಿಗೇ ಬಗ್ಗಬೇಕಿತ್ತು, ಅಷ್ಟು ಮೇಲಿದ್ದ. ಗಾಳಿ ಇರಲಿಲ್ಲ. ಎರೆಹುಳು ಸಿಕ್ಕಿಸಿ ಗಾಳ ಎಸೆದು ಕೂತೆ.

ಪೂರ್ವದ ಕಡೆ ಆಕಾಶ ಬೂದು ಬಣ್ಣಕ್ಕೆ ತಿರುಗಿತು. ಗಾಳದ ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಟ್ಟಿದ್ದ ಬೆಂಡು ಒಂದು ಸಲ ನಡುಗಿ ನಿಂತಿತು. ಉಸಿರು ಬಿಗಿ ಹಿಡಿದು ಕಾದೆ. ಮತ್ತೆ ಮೆಲ್ಲಗೆ ಓರೆಯಾಯಿತು, ಒಂದು ಗೇಣು ಪಕ್ಕಕ್ಕೆ ಸರಿಯಿತು, ಆಮೇಲೆ ಒಳಗೆ ಹೋಯಿತು. ಗೆಂಡೆ ಮೀನು! ಅರ್ಧ ಗಂಟೆ ಕಳೆಯೋದರೊಳಗೆ ಇನ್ನೊಂದು. ಬಿಸಿಲು ಪೂರ್ತಿ ನೀರಿಗೆ ಬಿದ್ದ ಮೇಲೆ ಒಂದೂ ಕಚ್ಚಲಿಲ್ಲ. ಒಂಬತ್ತರವರೆಗೆ ಕೂತಿದ್ದೆ.

ಮೀನು ಹಿಡಿಯುವವರ ಕೋಷ್ಟಕ ನೋಡಿದರೆ ಇದು ಚಂದ್ರನ ಕೆಲಸ. ಅಮೆರಿಕದ ಜಾನ್ ಆಲ್ಡನ್ ನೈಟ್ 1926ರಲ್ಲಿ ಶುರು ಮಾಡಿದ ಲೆಕ್ಕ ಅದು. ಸೂರ್ಯ, ಚಂದ್ರ ಎರಡೂ ಸೇರಿಸಿ 'ಸೋಲುನಾರ್' ಅಂತ ಹೆಸರಿಟ್ಟರು. ಚಂದ್ರ ನೆತ್ತಿಯಲ್ಲಿದ್ದಾಗ ಮತ್ತು ಭೂಮಿಯ ಆಚೆ ಬದಿಯಲ್ಲಿ ನಮ್ಮ ಕಾಲಡಿಗೆ ನೇರವಾಗಿದ್ದಾಗ ಸುಮಾರು ಎರಡು ಗಂಟೆಯ ದೊಡ್ಡ ಅವಧಿ. ಚಂದ್ರ ಹುಟ್ಟುವಾಗ, ಮುಳುಗುವಾಗ ಸುಮಾರು ಒಂದು ಗಂಟೆಯ ಚಿಕ್ಕ ಅವಧಿ. ಆ ಹೊತ್ತಲ್ಲಿ ಮೀನು ಚೆನ್ನಾಗಿ ಕಚ್ಚುತ್ತೆ, ಬೇಟೆಯ ಪ್ರಾಣಿಗಳೂ ಓಡಾಡುತ್ತವೆ ಅನ್ನೋದು ವಾದ. ಈಗಿನ ಫೋನ್ ಆ್ಯಪ್‌ಗಳೂ ಹೆಚ್ಚಾಗಿ ಇದೇ ಲೆಕ್ಕ ಹಾಕುತ್ತವೆ.

ಆದರೆ ಇವತ್ತು ದಡದಲ್ಲಿ ಕೂತಾಗ ಒಂದು ವಿಷಯ ಹೊಳೆಯಿತು. ಬಹುಳ ಅಷ್ಟಮಿಯ ಹೊತ್ತಿಗೆ ಚಂದ್ರ ನೆತ್ತಿಗೆ ಬರೋದೇ ಹೆಚ್ಚುಕಮ್ಮಿ ಸೂರ್ಯ ಹುಟ್ಟುವಾಗ. ಶುದ್ಧ ಅಷ್ಟಮಿಗೆ ಸೂರ್ಯ ಮುಳುಗುವಾಗ. ಹುಣ್ಣಿಮೆಗೆ ಸೂರ್ಯ ಮುಳುಗುತ್ತಿದ್ದ ಹಾಗೇ ಚಂದ್ರ ಹುಟ್ಟುತ್ತಾನೆ. ಅಮಾವಾಸ್ಯೆಗೆ ಇಬ್ಬರೂ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಾರೆ. ಅಂದರೆ ತಿಂಗಳಲ್ಲಿ ನಾಲ್ಕು ಸಲ ಚಂದ್ರನ ಅವಧಿ ನಸುಕು, ಮುಸ್ಸಂಜೆಯ ಮೇಲೇ ಬಂದು ಕೂರುತ್ತೆ. ಆಗ ಮೀನು ಸಿಕ್ಕರೆ ಅದು ಯಾರ ಲೆಕ್ಕಕ್ಕೆ?

ನಾನು ಸೂರ್ಯನ ಲೆಕ್ಕಕ್ಕೇ ಹಾಕುತ್ತೇನೆ. ನಸುಕಿನಲ್ಲಿ ನಡೆಯೋದು ಕಣ್ಣಿನ ಆಟ. ಹಗಲಿನ ನೋಟದಿಂದ ಇರುಳಿನ ನೋಟಕ್ಕೆ, ಇರುಳಿನಿಂದ ಹಗಲಿಗೆ ಹೊಂದಿಕೊಳ್ಳಲು ಮೀನಿನ ಕಣ್ಣಿಗೆ ಸಮಯ ಬೇಕು. ಆ ಮಬ್ಬಿನಲ್ಲಿ ಚಿಕ್ಕ ಮೀನಿಗೆ ಅಪಾಯ ಸರಿಯಾಗಿ ಕಾಣಲ್ಲ, ದೊಡ್ಡ ಮೀನಿಗೆ ಬೇಟೆ ಸುಲಭ. ಇನ್ನೊಂದು ಕಾರಣವೂ ಇದೆ. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ರಾತ್ರಿ ಮೇಲೆ ಬರುತ್ತವೆ, ಬೆಳಕಾದರೆ ಆಳಕ್ಕೆ ಇಳಿಯುತ್ತವೆ. ಅವುಗಳ ಹಿಂದೆ ಮರಿಮೀನು, ಮರಿಮೀನಿನ ಹಿಂದೆ ದೊಡ್ಡದು. ಗಾಳ ಇರೋ ಜಾಗಕ್ಕೆ ಊಟ ಹಾದು ಹೋಗೋ ಹೊತ್ತು ಅದು.

ಅಕ್ಟೋಬರ್ 25ರ ಪುಟ ತೆಗೆದು ನೋಡಿದೆ. ಅಮಾವಾಸ್ಯೆ ಕಳೆದು ನಾಲ್ಕು ದಿನ, ಚಂದ್ರ ನೆತ್ತಿಗೆ ಬಂದಿದ್ದು ಮಧ್ಯಾಹ್ನ ಮೂರರ ಆಸುಪಾಸು. ಎರಡರಿಂದ ನಾಲ್ಕರವರೆಗೆ ಕೂತಿದ್ದೆ, ಬೆಂಡು ಅಲುಗಲಿಲ್ಲ. ಸಂಜೆ ಬೆಳಕು ಕುಗ್ಗಿದ ಮೇಲೆ ಕಚ್ಚಿತು. ಒಂದು ದಿನದಿಂದ ಏನೂ ಹೇಳೋಕಾಗಲ್ಲ, ಅದು ಗೊತ್ತು. ಆದರೆ ನನ್ನ ಹಳೇ ಪುಸ್ತಕಗಳಲ್ಲಿ ಮೀನು ಸಿಕ್ಕ ದಿನಗಳು ಮಾತ್ರ ಇವೆ. ಖಾಲಿ ಕೈಯಲ್ಲಿ ಬಂದ ದಿನ ಬರೆಯದೆ ಬಿಟ್ಟರೆ ಯಾವ ಕೋಷ್ಟಕವೂ ನಿಜ ಅನ್ನಿಸುತ್ತೆ ಅಲ್ವಾ?

ಹಾಗಂತ ಚಂದ್ರನನ್ನು ಸುಮ್ನೆ ತಳ್ಳಿಹಾಕಲ್ಲ. ಕಡಲಿಗೆ ಹೋಗುವವರಿಗೆ ಅವನೇ ಗಡಿಯಾರ. ಉಬ್ಬರ ಏಳಿಸೋದರಲ್ಲಿ ಸೂರ್ಯನ ಪಾಲು ಚಂದ್ರನ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಹುಣ್ಣಿಮೆ, ಅಮಾವಾಸ್ಯೆಗೆ ಇಬ್ಬರೂ ಒಂದೇ ಗೆರೆಯಲ್ಲಿ ಎಳೆಯೋದರಿಂದ ಆ ದಿನಗಳ ಆಸುಪಾಸಿನಲ್ಲಿ ಉಬ್ಬರ ಜೋರು. ಚಂದ್ರ ಮತ್ತೆ ಅದೇ ಜಾಗಕ್ಕೆ ಬರೋಕೆ 24 ಗಂಟೆ 50 ನಿಮಿಷ, ಹಾಗಾಗಿ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತೆ. ಅಳಿವೆಯಲ್ಲಿ ಇಳಿತದ ನೀರು ಮರಿಮೀನು, ಸಿಗಡಿಗಳನ್ನು ಎಳೆದು ತರುವಾಗ ದೊಡ್ಡ ಮೀನು ಕಾದು ನಿಂತಿರುತ್ತೆ. ಅಲ್ಲಿ ಚಂದ್ರ ನೇರವಾಗಿಯೇ ಊಟ ಬಡಿಸುತ್ತಾನೆ. ಆದರೆ ಅಮೆರಿಕದ ಮಹಾ ಸರೋವರಗಳಲ್ಲೇ ಉಬ್ಬರ 5 ಸೆಂಟಿಮೀಟರ್ ದಾಟಲ್ಲ. ಗಾಳಿ ಅದಕ್ಕಿಂತ ಜಾಸ್ತಿ ನೀರು ತಳ್ಳುತ್ತೆ. ನಾನು ಕೂತ ಕೆರೆಗೆ ಆ ಎಳೆತದಿಂದ ಏನಾದೀತು?

ಚಂದ್ರನ ಇನ್ನೊಂದು ಬಲ ಬೆಳದಿಂಗಳು. ಸೂರ್ಯನ ಬೆಳಕಿನ ನಾಲ್ಕು ಲಕ್ಷದಲ್ಲಿ ಒಂದು ಪಾಲು ಅಷ್ಟೇ, ಆದರೂ ರಾತ್ರಿಯ ಜೀವಿಗಳಿಗೆ ಅದು ದೊಡ್ಡದು. ತಾಂಜಾನಿಯಾದಲ್ಲಿ ಸಿಂಹಗಳು ಮನುಷ್ಯರ ಮೇಲೆ ಬಿದ್ದ ದಾಖಲೆಗಳನ್ನು ಒಟ್ಟುಗೂಡಿಸಿದ ಅಧ್ಯಯನ 2011ರಲ್ಲಿ ಬಂತು. ಹುಣ್ಣಿಮೆ ಕಳೆದ ಮೊದಲ ದಿನಗಳಲ್ಲೇ ದಾಳಿ ಜಾಸ್ತಿ. ಬೆಳದಿಂಗಳಲ್ಲಿ ಅಡಗಿ ಬೇಟೆಯಾಡೋಕೆ ಆಗದೆ ಸಿಂಹ ಹಸಿದಿರುತ್ತೆ. ಹುಣ್ಣಿಮೆ ಕಳೆದರೆ ಸಂಜೆಗೂ ಚಂದ್ರೋದಯಕ್ಕೂ ನಡುವೆ ಕತ್ತಲು ಸಿಗುತ್ತೆ, ಮನುಷ್ಯರು ಇನ್ನೂ ಹೊರಗಿರುತ್ತಾರೆ. ಓದಿದ ದಿನ ಮೈ ಜುಮ್ಮೆಂದಿತ್ತು.

ಜಿಂಕೆಯ ವಿಷಯ ಬೇರೆ. ತಂಪು ದೇಶಗಳಲ್ಲಿ ಅವುಗಳ ಕೂಡುವ ಕಾಲವನ್ನು ಹೇಳೋದು ಹಗಲಿನ ಉದ್ದ, ಅಂದರೆ ಸೂರ್ಯನೇ. ದಿನದಲ್ಲಿ ಅವು ಜಾಸ್ತಿ ಓಡಾಡೋದೂ ನಸುಕು, ಮುಸ್ಸಂಜೆಗೆ.

ಈ ಭಾನುವಾರ 16ನೇ ತಾರೀಕು. ಚಂದ್ರ ನೆತ್ತಿಗೆ ಬರೋದು ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಸೂರ್ಯ ಹುಟ್ಟಿ ತುಂಬಾ ಹೊತ್ತಾದ ಮೇಲೆ. ಈ ಸಲ ಇಬ್ಬರೂ ಬೇರೆ ಬೇರೆ ಸಿಗುತ್ತಾರೆ. ಐದೂವರೆಯಿಂದ ಹತ್ತೂವರೆವರೆಗೆ ಒಂದೇ ಜಾಗ, ಒಂದೇ ಎರೆ. ಪ್ರತಿ ಕಾಲು ಗಂಟೆಗೂ ಒಂದು ಸಾಲು, ಕಚ್ಚಿದರೂ ಕಚ್ಚದಿದ್ದರೂ. ಪುಸ್ತಕದ ಪುಟಕ್ಕೆ ಈಗಲೇ ಇಪ್ಪತ್ತು ಗೆರೆ ಎಳೆದಿಟ್ಟಿದ್ದೇನೆ.