ಮುಖವನ್ನೇ ನೋಡದವರು ಗೆಳೆಯರಾದದ್ದು ಹೇಗೆ?

ಈ ಪ್ರಶ್ನೆಯನ್ನು ಮೊದಲು ಕೇಳಿದವರು ಅಮ್ಮ. ಆಮೇಲೆ ಕಾಲೇಜಿನ ಗೆಳತಿಯರು, ಕಚೇರಿಯ ಸಹೋದ್ಯೋಗಿಗಳು, ಮದುವೆ ಮನೆಗಳಲ್ಲಿ ಸಿಗುವ ಚಿಕ್ಕಮ್ಮಂದಿರು ಕೇಳಿದರು. ಈಗೀಗ ನಾನು ಪಾಠ ಹೇಳಲು ಹೋಗುವ ಕಾಲೇಜುಗಳ ಹುಡುಗ ಹುಡುಗಿಯರೂ ಕೇಳುತ್ತಾರೆ. "ಕಂಪ್ಯೂಟರಿನಲ್ಲಿ ಸಿಕ್ಕಿದವರನ್ನು ಗೆಳೆಯರು ಎನ್ನುತ್ತೀರಲ್ಲ, ಮುಖವನ್ನೇ ನೋಡದೆ ಅದು ಹೇಗೆ ಸಾಧ್ಯ?" ಪ್ರತಿ ಸಲವೂ ಅವಸರದಲ್ಲಿ ಏನೋ ಒಂದು ಹೇಳಿ ಮುಗಿಸಿದ್ದೇನೆ. ಈ ಸಲ ಪೂರ್ತಿ ಹೇಳುತ್ತೇನೆ.

ಆ ಗೆಳೆಯರು ನನ್ನ ಮುಖಕ್ಕಿಂತ ಮೊದಲು ನನ್ನ ತಪ್ಪುಗಳನ್ನು ನೋಡಿದರು. ಊರಿನಲ್ಲಾಗಲಿ ಕಾಲೇಜಿನಲ್ಲಾಗಲಿ ಮೊದಲು ಕಾಣುವುದು ಮುಖ, ಮಾತು, ಮನೆತನ. ನಮ್ಮ ತಪ್ಪುಗಳು ಎದುರಿನವರಿಗೆ ಗೊತ್ತಾಗುವುದು ಎಷ್ಟೋ ಕಾಲದ ಮೇಲೆ, ಅದೂ ನಾವು ಮುಚ್ಚಿಡಲು ಆಗದಿದ್ದಾಗ. ನನಗೆ ಸಿಕ್ಕ ಈ ಗೆಳೆತನದಲ್ಲಿ ಆ ಕ್ರಮ ತಿರುಗುಮುರುಗಾಯಿತು.

2014ರ ಜೂನ್. ತೀರ್ಥಹಳ್ಳಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವಳು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಬೇಕೆಂಬ ಆಸೆ ಬಲವಾಗಿತ್ತು, ಕಲಿಸುವವರು ಹತ್ತಿರದಲ್ಲಿ ಇರಲಿಲ್ಲ. ಹಿರಿಯ ವಿದ್ಯಾರ್ಥಿಯೊಬ್ಬರು ಪಶ್ಚಿಮ ಬಂಗಾಳದ ಒಂದು ಗುಂಪಿನ ಬಗ್ಗೆ ಹೇಳಿದರು. ದುರ್ಗಾಪುರ ಉಕ್ಕಿನ ಕಾರ್ಖಾನೆಯ ಊರು. ಅಲ್ಲಿ ಕುಶಲ್ ದಾಸ್ ಎಂಬ ಪ್ರೋಗ್ರಾಮರ್ 2004ರಲ್ಲಿ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಬಳಕೆದಾರರ ಗುಂಪೊಂದನ್ನು ಆರಂಭಿಸಿದ್ದರು. ಅದರ ಚಿಕ್ಕ ಹೆಸರು ಡಿಜಿಪ್ಲಗ್. 2008ರಿಂದ ಆ ಗುಂಪು ಅಂತರಜಾಲದಲ್ಲಿ ಉಚಿತವಾಗಿ ಬೇಸಿಗೆ ತರಬೇತಿ ನಡೆಸುತ್ತಿತ್ತು. ಅವರ ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಮೃಗಶಿರಾ ಮಳೆ ಹಿಡಿದುಕೊಂಡಿರುತ್ತಿತ್ತು.

ಪಾಠ ನಡೆಯುತ್ತಿದ್ದದ್ದು ಐಆರ್‌ಸಿಯಲ್ಲಿ. ಅದು 1988ರಲ್ಲಿ ಫಿನ್‌ಲ್ಯಾಂಡಿನ ಔಲು ನಗರದಲ್ಲಿ ಯಾರ್ಕೋ ಒಯ್ಕಾರಿನೆನ್ ರೂಪಿಸಿದ ಹರಟೆ ವ್ಯವಸ್ಥೆ. ಚಿತ್ರವಿಲ್ಲ, ದನಿಯಿಲ್ಲ, ಬರೀ ಅಕ್ಷರ. ನಮ್ಮ ಮನೆಯ ದೂರವಾಣಿ ತಂತಿಯಲ್ಲಿ ತೆವಳಿಕೊಂಡು ಬರುತ್ತಿದ್ದ ಇಂಟರ್‌ನೆಟ್ಟಿಗೆ ಅಷ್ಟೇ ಹೊರಲು ಸಾಧ್ಯವಿತ್ತು. ಸಂಜೆ ಏಳಕ್ಕೆ ಹಾಜರಿ. ಎಲ್ಲರೂ ತಮ್ಮ ತಮ್ಮ ಹೆಸರು ಟೈಪ್ ಮಾಡುತ್ತಿದ್ದೆವು. ಪಾಠದ ನಡುವೆ ಪ್ರಶ್ನೆಯಿದ್ದರೆ ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನು ಹಾಕಿ ಸರದಿಗೆ ಕಾಯಬೇಕು. ಕೈ ಎತ್ತಿ ಕೂತಂತೆ. ಸರದಿ ಬಂದೇ ಬರುತ್ತಿತ್ತು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ನನಗೆ ಇದು ಎಷ್ಟು ದೊಡ್ಡ ವಿಷಯವಾಗಿತ್ತೆಂದು ಮುಂದಿನ ಬೆಂಚಿನವರಿಗೆ ವಿವರಿಸುವುದು ಕಷ್ಟ.

ಮೊದಲ ದಿನವೇ ಎರಡು ನಿಯಮ ಹೇಳಿದರು. ಇಂಗ್ಲಿಷ್ ಪದಗಳನ್ನು ಮೊಬೈಲ್ ಸಂದೇಶದಂತೆ ಮೊಟಕು ಮಾಡದೆ ಪೂರ್ತಿ ಬರೆಯಿರಿ. ಯಾರನ್ನೂ ಸರ್ ಎಂದು ಕರೆಯಬೇಡಿ. ಎರಡನೆಯದು ನನಗೆ ನುಂಗಲಾಗದ ತುತ್ತಾಯಿತು. ದೊಡ್ಡವರನ್ನು ಹೆಸರು ಹಿಡಿದು ಕರೆಯುವುದು ನಾನು ಬೆಳೆದ ಮನೆಯಲ್ಲಿ ಒರಟುತನ. ಒಂದು ವಾರ ಯಾರನ್ನೂ ಏನೂ ಕರೆಯದೆ ನೇರ ಪ್ರಶ್ನೆಯನ್ನಷ್ಟೇ ಬರೆದೆ. ಕ್ರಮೇಣ ಹೆಸರು ಬರೆಯುವುದು ರೂಢಿಯಾಯಿತು, ಅದರ ಜೊತೆಗೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ನಮ್ಮ ಕಡೆ ಹೆಸರು ಹೇಳಿದ ತಕ್ಷಣ "ಯಾವ ಕಡೆಯವರು? ಯಾರ ಪೈಕಿ?" ಎಂದು ಕೇಳುತ್ತಾರೆ. ಆ ಮೂರು ತಿಂಗಳಲ್ಲಿ ಒಬ್ಬರೂ ನನ್ನನ್ನು ಅದನ್ನು ಕೇಳಲಿಲ್ಲ. ಕೇಳಿದ್ದು ಇಷ್ಟೇ: ಏನು ಮಾಡಲು ಹೊರಟಿದ್ದೆ, ಏನು ಬರೆದೆ, ಕಂಪ್ಯೂಟರ್ ಏನು ಹೇಳಿತು.

ಕಂಪ್ಯೂಟರ್ ಮೊದಲು ಹೇಳಿದ್ದು ಟ್ಯಾಬ್‌ಎರರ್. ಪೈಥಾನಿನಲ್ಲಿ ಸಾಲಿನ ಆರಂಭದ ಖಾಲಿ ಜಾಗಕ್ಕೂ ಅರ್ಥವಿದೆ, ಯಾವ ಸಾಲು ಯಾವುದರ ಒಳಗಿದೆ ಎಂದು ಅದರಿಂದಲೇ ತಿಳಿಯುತ್ತದೆ. ನಾನು ಒಂದು ಸಾಲಿಗೆ ಟ್ಯಾಬ್, ಇನ್ನೊಂದಕ್ಕೆ ಸ್ಪೇಸ್ ಒತ್ತಿದ್ದೆ. ಕಣ್ಣಿಗೆ ಎರಡೂ ಒಂದೇ. ಎರಡು ಗಂಟೆ ಒದ್ದಾಡಿ, ಕೊನೆಗೆ ಇಡೀ ಪ್ರೋಗ್ರಾಮನ್ನು ಒಂದು ಪುಟಕ್ಕೆ ಅಂಟಿಸಿ ಕೊಂಡಿಯನ್ನು ಎಲ್ಲರ ಮುಂದೆ ಇಟ್ಟೆ. ಎದೆ ಹೊಡೆದುಕೊಳ್ಳುತ್ತಿತ್ತು. ದುರ್ಗಾಪುರದ ಹುಡುಗಿಯೊಬ್ಬಳು, ನನ್ನದೇ ವಯಸ್ಸಿನವಳು, ಬರೆದಳು: "ಏಳನೆಯ ಸಾಲು ನೋಡು. ಹೋದ ವರ್ಷ ನಾನೂ ಇದೇ ತಪ್ಪು ಮಾಡಿದ್ದೆ, ಮೂರು ದಿನ ಹಿಡಿಯಿತು." ಸುಳ್ಳು ಸಮಾಧಾನವೇನೂ ಅಲ್ಲ. ಅವಳ ಹಳೆಯ ಪ್ರಶ್ನೆ ಹಿಂದಿನ ವರ್ಷದ ದಾಖಲೆಯಲ್ಲಿತ್ತು, ಹೋಗಿ ಓದಿದೆ. ನಮ್ಮ ಸ್ನೇಹ ಶುರುವಾದದ್ದು ಯಾವಾಗ ಎಂದು ಕೇಳಿದರೆ ಆ ಏಳನೆಯ ಸಾಲನ್ನು ತೋರಿಸುತ್ತೇನೆ.

ಮಳೆ ಬಂದರೆ ನಮ್ಮ ತಂತಿ ಸಾಯುತ್ತಿತ್ತು. ಐಆರ್‌ಸಿ ಸರ್ವರ್ ಆಗಾಗ ಪ್ರತಿಯೊಬ್ಬರನ್ನೂ "ಇದ್ದೀಯಾ?" ಎಂದು ಮೌನವಾಗಿ ವಿಚಾರಿಸುತ್ತಿರುತ್ತದೆ. ಉತ್ತರ ಹೋಗದಿದ್ದರೆ ಹೊರಗೆ ಹಾಕಿ, ಪಿಂಗ್ ಟೈಮ್‌ಔಟ್ ಎಂದು ಎಲ್ಲರಿಗೂ ಕಾಣುವಂತೆ ಸಾರುತ್ತದೆ. ನಾವಿಲ್ಲದಾಗ ನಡೆದ ಮಾತು ನಮಗೆ ಸಿಗುವುದಿಲ್ಲ. ಜುಲೈ ಹೊತ್ತಿಗೆ ನನ್ನ ಹೆಸರಿನ ಮುಂದೆ ಆ ಸಾಲು ದಿನಕ್ಕೆ ಆರೇಳು ಸಲ ಬೀಳುತ್ತಿತ್ತು. ನಾನು ಮರಳಿ ಬಂದಾಗ ತಪ್ಪಿದ ಸಾಲುಗಳನ್ನು ಯಾರಾದರೊಬ್ಬರು ನನಗೆ ಬೇರೆಯಾಗಿ ಕಳುಹಿಸಿರುತ್ತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ಪುನರ್ವಸು ಮಳೆಯಲ್ಲಿ ಒಮ್ಮೆ ವಿದ್ಯುತ್ ಕಂಬ ಉರುಳಿ ನಾಲ್ಕು ದಿನ ಕತ್ತಲೆ. ಐದನೆಯ ದಿನ ಪೇಟೆಯ ಸೈಬರ್ ಕೆಫೆಯಲ್ಲಿ ಅಂಚೆ ತೆರೆದರೆ ಮೂರು ಪತ್ರಗಳು. ಮೂರರಲ್ಲೂ ಒಂದೇ ಪ್ರಶ್ನೆ: ಮಳೆಯೇ, ಅಥವಾ ಬೇರೇನಾದರೂ? ನಾನಿಲ್ಲದ್ದು ಇಷ್ಟು ದೂರದಲ್ಲಿ ಯಾರಿಗೋ ಗೊತ್ತಾಗಿದೆ ಎಂಬುದನ್ನು ಅರಗಿಸಿಕೊಳ್ಳಲು ಆ ದಿನ ಸ್ವಲ್ಪ ಹೊತ್ತು ಬೇಕಾಯಿತು.

ಆ ಗುಂಪು ನನ್ನದೂ ಹೌದು ಎಂದು ನನಗೆ ಅನ್ನಿಸಿದ ಸಂಜೆ ಬೇರೆ. ಅದನ್ನು ವಿವರವಾಗಿಯೇ ಹೇಳಬೇಕು.

ಹಿಂದಿನಿಂದ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವ ಪ್ರೋಗ್ರಾಮ್ ಬರೆಯಿರಿ ಎಂದು ಅಭ್ಯಾಸ ಕೊಟ್ಟಿದ್ದರು. ಇಂಗ್ಲಿಷ್ ಪದಗಳಿಗೆ ಎರಡು ಸಾಲಿನ ಕೆಲಸ. ನನ್ನ ತಲೆಗೆ ಬಂದ ಪದ ವಿಕಟಕವಿ. ಕೊಟ್ಟು ನೋಡಿದೆ. ಪೈಥಾನ್ "ಅಲ್ಲ" ಎಂದಿತು. ತಿರುಗಿಸಿದ ಪದವನ್ನು ಮುದ್ರಿಸಿದರೆ ಮೊದಲ ಗುಡಿಸು ಆಸರೆಯಿಲ್ಲದೆ ಚುಕ್ಕೆಗಳ ಖಾಲಿ ವೃತ್ತಕ್ಕೆ ನೇತುಬಿದ್ದಿತ್ತು. ನಮಗೆ ಐದಕ್ಷರವಾಗಿ ಕಾಣುವುದು, ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿಗೆ, ಏಳು ಸಂಕೇತ: ವ, ಗುಡಿಸು, ಕ, ಟ, ಕ, ವ, ಗುಡಿಸು. ತಿರುಗಿಸಿದಾಗ ಗುಡಿಸು ಮುಂದೆ ಬಂದು ವ ಹಿಂದೆ ಉಳಿಯುತ್ತದೆ.

ಪಾಠ ಮುಗಿದ ಮೇಲೆ ಹಿಂಜರಿಯುತ್ತಲೇ ಇದನ್ನು ಹೇಳಿದೆ. ಬರೆದು ಅರ್ಧ ನಿಮಿಷವಾಗಿರಲಿಲ್ಲ, ಗುಂಪಿನಲ್ಲಿದ್ದ ವಿಜಯವಾಡದವಳು "ಅದು ನಮ್ಮ ಪದ!" ಎಂದಳು. ಮಧುರೆಯವರೂ ಹಾಗೆಯೇ ಹೇಳಿದರು. ತೆಲುಗಿನಲ್ಲೂ ತಮಿಳಿನಲ್ಲೂ ವಿಕಟಕವಿ ಇದ್ದಾನೆ, ಅಲ್ಲೂ ಹಿಂದೆ ಮುಂದೆ ಒಂದೇ, ಅಲ್ಲೂ ಪೈಥಾನ್ ಒಪ್ಪಲಿಲ್ಲ. ತೆನಾಲಿ ರಾಮಕೃಷ್ಣನ ಕಥೆಗಳನ್ನು ಮೂರು ಭಾಷೆಯವರೂ ಒಂದಷ್ಟು ಹೊತ್ತು ಹಂಚಿಕೊಂಡರು. ನಯನ, ಸರಸ ಮಾತ್ರ ಸರಿಯಾಗಿ ಬರುತ್ತವೆ, ಅವುಗಳಲ್ಲಿ ಕೊಂಬು ಗುಡಿಸುಗಳಿಲ್ಲವಲ್ಲ ಎಂದು ಪುಣೆಯವನು ಕಂಡುಹಿಡಿದ. ಪಾಲಕ್ಕಾಡಿನವನು ಪೈಥಾನಿನ ಯೂನಿಕೋಡ್‌ಡೇಟಾ ಎಂಬ ಭಾಗವನ್ನು ತೋರಿಸಿಕೊಟ್ಟ. ಯಾವ ಸಂಕೇತ ಅಕ್ಷರ, ಯಾವುದು ಅಕ್ಷರಕ್ಕೆ ತಗುಲಿಕೊಳ್ಳುವ ಗುರುತು ಎಂದು ಅದು ಹೇಳುತ್ತದೆ. ಗುರುತುಗಳನ್ನು ಹಿಂದಿನ ಅಕ್ಷರಕ್ಕೇ ಅಂಟಿಸಿಟ್ಟು ತಿರುಗಿಸಿದೆ. ವಿಕಟಕವಿ ಗೆದ್ದ.

ಆಗ ದುರ್ಗಾಪುರದವಳು ಬಂಗಾಳಿಯ ಒಂದು ಹಳೆಯ ಮಾತನ್ನು ಕೊಟ್ಟಳು: ರಮಾಕಾನ್ತ ಕಾಮಾರ. ಕಾಮಾರ ಎಂದರೆ ಕಮ್ಮಾರ. ಬಂಗಾಳಿ ಮಕ್ಕಳು ಹಿಂದಿನಿಂದಲೂ ಮುಂದಿನಿಂದಲೂ ಓದಿ ನಲಿಯುವ ಮಾತು. ನಡುವಿನ ಖಾಲಿ ಜಾಗವನ್ನು ಬಿಟ್ಟು ಓಡಿಸಿದರೂ ನನ್ನ ಪ್ರೋಗ್ರಾಮ್ ಸೋತಿತು. ಯಾಕೆಂದು ಯಾರಿಗೂ ತಕ್ಷಣ ಹೊಳೆಯಲಿಲ್ಲ. ನನಗೆ ಹೊಳೆಯಿತು. ಕಾರಣ ನಡುವಿನ ಆ ಒತ್ತಕ್ಷರ. ಒಂದನೆಯ ತರಗತಿಯಲ್ಲಿ ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಕಲಿತದ್ದು: ಒತ್ತು ತನ್ನಷ್ಟಕ್ಕೆ ನಿಲ್ಲುವುದಿಲ್ಲ, ಮೇಲಿನ ಅಕ್ಷರದ ಜೊತೆಗೇ ಇರುತ್ತದೆ. ಯೂನಿಕೋಡಿನಲ್ಲಿ ಒತ್ತಿಗೆ ಬೇರೆ ಸಂಕೇತವಿಲ್ಲ, ನ ಆದ ಮೇಲೆ ಸ್ವರವನ್ನು ತೆಗೆಯುವ ಹಲಂತ ಎಂಬ ಗುರುತು, ಹಲಂತದ ಮೇಲೆ ಮಾಮೂಲಿ ತ. ಹಲಂತದ ನಂತರ ಬರುವ ವ್ಯಂಜನವನ್ನೂ ಹಿಂದಿನದಕ್ಕೇ ಅಂಟಿಸಬೇಕು ಎಂದು ಬರೆದೆ, ಎರಡು ಸಾಲು ಸೇರಿಸಿದೆ, ರಮಾಕಾಂತನೂ ಗೆದ್ದ. ಗಂಟೆ ರಾತ್ರಿ ಹನ್ನೊಂದೂವರೆ. ಅಮ್ಮ ದೀಪ ಆರಿಸಲು ಬಂದವರು ಬಾಗಿಲಲ್ಲಿ ನಿಂತು, "ಯಾರ ಜೊತೆ ಮಾತನಾಡುತ್ತಿದ್ದೀಯ ಮಗಳೇ, ದನಿಯೇ ಇಲ್ಲವಲ್ಲ?" ಎಂದರು. ನಾನು ಅಳುತ್ತಿದ್ದೆ, ಸಂತೋಷಕ್ಕೆ. ಅಷ್ಟು ದಿನ ಕೇಳಿ ಪಡೆದವಳು ಅವತ್ತು ಕೊಟ್ಟಿದ್ದೆ. ಕೊಟ್ಟದ್ದು ನಾನು ಕೊರತೆ ಎಂದು ತಿಳಿದಿದ್ದ ಕನ್ನಡ ಶಾಲೆಯಿಂದಲೇ ಬಂದಿತ್ತು.

ಎಲ್ಲ ಕಡೆಯೂ ಹೀಗೆಯೇ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ಐಆರ್‌ಸಿಯ ಇನ್ನೊಂದು ಹರಟೆಕೋಣೆಯಲ್ಲಿ ಪ್ರಶ್ನೆ ಕೇಳಿ, ಮೊದಲು ಇಂಗ್ಲಿಷ್ ಕಲಿತು ಬಾ ಎಂಬ ಉತ್ತರ ಪಡೆದಿದ್ದೇನೆ. ಹೆಸರಿನಿಂದ ಹೆಣ್ಣೆಂದು ತಿಳಿದ ಕೂಡಲೇ ಬೇಡದ ಮಾತು ಶುರುಮಾಡಿದವರೂ ಉಂಟು. ಅಂಥ ಕಡೆ ಸಹಿಸಿಕೊಂಡು ಕೂರಬೇಕಾಗಿಲ್ಲ, ಎದ್ದು ಬರಬೇಕು. ನಾನಿದ್ದ ಗುಂಪು ಒಳ್ಳೆಯದಾಗಿತ್ತೆಂದರೆ ಅಲ್ಲಿ ನಿಯಮಗಳಿದ್ದವು, ಅವನ್ನು ಪಾಲಿಸುವಂತೆ ನೋಡಿಕೊಳ್ಳುವ ಹಿರಿಯರಿದ್ದರು. ಒಳ್ಳೆಯತನ ತಾನಾಗಿ ಬೆಳೆದುಕೊಂಡದ್ದಲ್ಲ.

ಮುಖಗಳನ್ನು ನೋಡಿದ್ದು 2015ರ ಅಕ್ಟೋಬರಿನಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಭಾಭವನದಲ್ಲಿ ನಡೆದ, ಪೈಥಾನ್ ಬಳಸುವವರ ಪೈಕಾನ್ ಇಂಡಿಯಾ ಸಮ್ಮೇಳನದಲ್ಲಿ. ಮೊದಲ ಹತ್ತು ನಿಮಿಷ ಎಲ್ಲರಿಗೂ ಸಂಕೋಚ. ಆಮೇಲೆ ಯಾರೋ "ರಮಾಕಾನ್ತ" ಎಂದರು, ಅಷ್ಟೇ ಸಾಕಾಯಿತು.

ಕೇಳುವವರಿಗೆ ನಾನು ಸಾಮಾನ್ಯವಾಗಿ ಹೇಳದೆ ಬಿಡುವ ಭಾಗವೊಂದಿದೆ. 2021ರ ಮೇ. ನಾವು ಸೇರುತ್ತಿದ್ದ ಫ್ರೀನೋಡ್ ಎಂಬ ಐಆರ್‌ಸಿ ಜಾಲದ ಒಡೆತನದ ಜಗಳ ತಾರಕಕ್ಕೇರಿ, ಮೇ 19ರಂದು ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಒಟ್ಟಾಗಿ ಹೊರನಡೆದು ಲಿಬೆರಾ ಎಂಬ ಹೊಸ ಜಾಲ ಕಟ್ಟಿದರು. ಪ್ರಪಂಚದಾದ್ಯಂತ ಸಾವಿರಾರು ಗುಂಪುಗಳು ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋದವು, ನಾವೂ ಹೋದೆವು. ಬೇರೆ ಕಾಲದಲ್ಲಾಗಿದ್ದರೆ ಅದೇ ದೊಡ್ಡ ಸುದ್ದಿ. ಆದರೆ ದೇಶದಲ್ಲಿ ಕೊರೊನಾದ ಎರಡನೆಯ ಅಲೆ. ತರಗತಿಗಳಿರಲಿಲ್ಲ, ಆದರೂ ಸಂಜೆ ಏಳಕ್ಕೆ ಯಾರೋ ಒಬ್ಬರು "ಹಾಜರಿ" ಎಂದು ಬರೆಯುತ್ತಿದ್ದರು, ಒಂದೊಂದೇ ಹೆಸರು ಬೀಳುತ್ತಿತ್ತು. ಯಾರ ಹೆಸರು ಬಂದಿಲ್ಲ ಎಂದು ಎಲ್ಲರೂ ಎಣಿಸುತ್ತಿದ್ದೆವು. ವಿಜಯವಾಡದವಳ ತಂದೆಗೆ ಆಮ್ಲಜನಕವಿರುವ ಹಾಸಿಗೆ ಬೇಕಾದ ರಾತ್ರಿ ಎಂಟು ಮಂದಿ ಆಸ್ಪತ್ರೆಗಳ ಸಂಖ್ಯೆಗಳನ್ನು ಹಂಚಿಕೊಂಡು, ಸಿಕ್ಕಿದ ಉತ್ತರವನ್ನು ಒಂದೇ ಪಟ್ಟಿಯಲ್ಲಿ ಬರೆಯುತ್ತಾ ಬೆಳಗಿನ ಜಾವದವರೆಗೆ ಫೋನ್ ಮಾಡಿದೆವು. ನನಗೆ ತೆಲುಗು ಬರುವುದಿಲ್ಲ. ಬಂದಷ್ಟು ಮಾತಿನಲ್ಲಿ ಕೇಳಿದೆ. ಹಾಸಿಗೆ ಸಿಕ್ಕಿತು, ಅವರು ಉಳಿದರು. ಉಳಿಯದವರ ಮನೆಗಳೂ ನಮ್ಮಲ್ಲಿವೆ.

ಈಚೆಗೆ ಕಾಲೇಜೊಂದರಲ್ಲಿ ಹುಡುಗನೊಬ್ಬ ಹೊಸ ಪ್ರಶ್ನೆ ಕೇಳಿದ. ಈಗ ಎಐಗೆ ತಪ್ಪನ್ನು ತೋರಿಸಿದರೆ ಕ್ಷಣದಲ್ಲಿ ಸರಿಮಾಡಿ ಕೊಡುತ್ತದೆ, ಇವರೆಲ್ಲ ಯಾಕೆ ಬೇಕು ಮೇಡಂ? ಏಳನೆಯ ಸಾಲನ್ನು ಅದೂ ತೋರಿಸುತ್ತದೆ, ನಿಜ, ನಾನೂ ದಿನವೂ ಬಳಸುತ್ತೇನೆ. ಆದರೆ ಅದು ನಿನ್ನ ರಾಮಾಯಣವನ್ನು ಕೇಳುತ್ತದೆ, ತನ್ನದನ್ನು ಹೇಳಲು ಅದಕ್ಕೆ ಹೋದ ವರ್ಷವೆಂಬುದಿಲ್ಲ ಎಂದೆ. ಅವನಿಗೆ ಇನ್ನೂ ಒಂದು ಮಾತು ಹೇಳಿದೆ, ಅದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು: ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಎದ್ದು ಹೋಗಬೇಡ, ಇನ್ನೊಂದು ಗಂಟೆ ಕೂರು, ಮುಂದಿನವನ ಪ್ರಶ್ನೆಯನ್ನು ಓದು.

ಕಳೆದ ಮಳೆಗಾಲ ದುರ್ಗಾಪುರದವಳು ನಮ್ಮ ಮನೆಗೆ ಬಂದಿದ್ದಳು. ನಿನ್ನನ್ನು ದಿನಕ್ಕೆ ಆರು ಸಲ ಹೊರಗೆ ಹಾಕುತ್ತಿದ್ದ ಮಳೆಯನ್ನು ನೋಡಬೇಕು ಎಂದು ಹಟ ಹಿಡಿದು ಜುಲೈನಲ್ಲೇ ಬಂದಳು. ಗದ್ದೆಗೆ ಹತ್ತಿದ ಮೀನಿನ ಸಾರು, ಕಡುಬು ಮಾಡಿದ್ದೆವು. ಬಂಗಾಳದವಳಿಗೆ ಮೀನಿನ ಮುಳ್ಳು ಬಿಡಿಸುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ, ಅದನ್ನು ಕಂಡೇ ಅಮ್ಮನಿಗೆ ಅವಳು ಇಷ್ಟವಾದಳು. ಇಬ್ಬರ ನಡುವೆ ಒಂದು ಭಾಷೆಯೂ ಇಲ್ಲ. ಎರಡನೆಯ ರಾತ್ರಿ ನಾನು ಕಚೇರಿಯ ಕೆಲಸ ಮುಗಿಸಿ ಅಡುಗೆಮನೆಗೆ ಹೋದರೆ, ಅಮ್ಮ ಒಲೆಯ ಮುಂದೆ ಕೂತು ಅವಳ ನೋಟ್‌ಪುಸ್ತಕದಲ್ಲಿ ಪೆನ್ಸಿಲಿನಿಂದ ನ ಬರೆದು ಅದರ ಕೆಳಗೆ ತ ಒತ್ತು ತಿದ್ದಿಸುತ್ತಿದ್ದರು.